ಬೆವರಿದ ಸೌಟು, ಬಿಚ್ಚಿದ ಬುಟ್ಟಿ

ಬೆಳಗಿನ ಐದು ಗಂಟೆ. ಬೀದಿದೀಪ ಇನ್ನೂ ಆರಿಲ್ಲ. ಎರಡನೇ ಮಹಡಿಯ ಅಡುಗೆಕೋಣೆಯ ಕಿಟಕಿಯಲ್ಲಿ ಒಬ್ಬ ಹೆಂಗಸು ನಿಂತು ಬುಟ್ಟಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಆ ದೀಪಕ್ಕೆ ಹಿಡಿದು ನೋಡುತ್ತಿದ್ದಾರೆ. ಬೆತ್ತದ ಬುಟ್ಟಿ, ಅದರ ಮೈಗೆ ಗಾಜಿನಂತೆ ಬಿಗಿದ ಪ್ಲಾಸ್ಟಿಕ್ ಹೊದಿಕೆ. ಒಳಗೆ ಸುರುಳಿ ಸುತ್ತಿದ ಟವೆಲು, ಜಾಮಿನ ಎರಡು ಬಾಟಲಿ, ಅಳತೆಯ ಲೋಟಗಳು, ನಡುವೆ ಧ್ವಜಸ್ತಂಭದ ಹಾಗೆ ನಿಂತ ಮರದ ಸೌಟು. ಸೌಟಿನ ತಲೆಯ ಹತ್ತಿರ ಹೊದಿಕೆಯ ಮೇಲೆ ಅಂಗೈಯಗಲ ಮಂಜು. ಅವರು ತೋಳಿನಿಂದ ಒರೆಸುತ್ತಾರೆ. ಹೋಗುವುದಿಲ್ಲ. ಇನ್ನೊಮ್ಮೆ ಒರೆಸುತ್ತಾರೆ. ಮಂಜು ಇರುವುದು ಒಳಗಡೆ.

"ಬೆವರಿದೆ," ಎನ್ನುತ್ತಾರೆ. ಅಷ್ಟೇ. ಬುಟ್ಟಿಯನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತುತ್ತಾರೆ. ಅದರಲ್ಲಿ ಇಲ್ಲ. ಮತ್ತೊಂದರಲ್ಲಿ ಇದೆ. ಕಿಟಕಿಯ ಬದಿಗೆ ಪೇರಿಸಿಟ್ಟವುಗಳಲ್ಲಿ ಹನ್ನೊಂದು ಬುಟ್ಟಿಗಳು ಬೆವರಿವೆ.

ಬೀದಿಯವರೆಲ್ಲ ಇವರನ್ನು ಬುಟ್ಟಿಯಕ್ಕ ಎನ್ನುತ್ತಾರೆ. ವಯಸ್ಸು ಐವತ್ತೆರಡು. ಅಡುಗೆಮನೆಯ ಸಾಮಾನುಗಳನ್ನು ಬುಟ್ಟಿಯಲ್ಲಿ ಜೋಡಿಸಿ, ಹೊದಿಕೆ ಬಿಗಿದು, ರಿಬ್ಬನ್ ಕಟ್ಟಿ ಉಡುಗೊರೆಗೆ ಸಿದ್ಧ ಮಾಡುವುದು ಇವರ ಕೆಲಸ. ಹೊಸದಾಗಿ ಸಂಸಾರ ಹೂಡಿದವರಿಗೆ, ಮನೆ ಬದಲಿಸಿದವರಿಗೆ, ಕೆಲಸದಿಂದ ನಿವೃತ್ತಿ ಪಡೆದವರಿಗೆ ಯಾರೋ ಇದನ್ನು ಕೊಡುತ್ತಾರೆ. ಕೊಟ್ಟವರ ಹೆಸರು ಚೀಟಿಯಲ್ಲಿರುತ್ತದೆ. ಕಟ್ಟಿದವರ ಹೆಸರು ಎಲ್ಲೂ ಇರುವುದಿಲ್ಲ.

ಈ ದಿನ ಹತ್ತು ಗಂಟೆಗೆ ಪಾತ್ರೆ ಅಂಗಡಿಯ ವ್ಯಾನು ಬರುತ್ತದೆ. ಎಂಬತ್ತು ಬುಟ್ಟಿ ಹೋಗಬೇಕು. ಆ ಅಂಗಡಿಯ ಬಾಗಿಲ ಬಳಿಯ ಶೆಲ್ಫಿನಲ್ಲಿ ಆರು ವರ್ಷದಿಂದ ಬುಟ್ಟಿಯಕ್ಕನ ಬುಟ್ಟಿಗಳೇ ಕೂತಿವೆ. ಈಗ ಎಲ್ಲಿಂದಲೋ ಯಂತ್ರದಲ್ಲಿ ತುಂಬಿದ ರಟ್ಟಿನ ಪೆಟ್ಟಿಗೆಗಳು ಬರತೊಡಗಿವೆ. ಒಂದರ ಹಾಗೆ ಇನ್ನೊಂದು, ಒಂದರ ಮೇಲೊಂದು ನೆಟ್ಟಗೆ ಕೂರುತ್ತವೆ. ಅಂಗಡಿಯವರು ಕಳೆದ ವಾರ ಇವರನ್ನು ಕರೆಸಿ ಹೇಳಿದ್ದಾರೆ: "ಅಕ್ಕ, ಈ ಸಲ ಎಂಬತ್ತೂ ಸರಿಯಾಗಿ, ಹೊತ್ತಿಗೆ ಬರಲಿ. ಆಮೇಲೆ ಶೆಲ್ಫಿನ ವಿಚಾರ ಮಾತಾಡೋಣ." ಆ ಶೆಲ್ಫು ಹೋದರೆ ಬುಟ್ಟಿ ಇಡಲು ಬೇರೆ ಜಾಗವಿಲ್ಲ.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಕೋಣೆ, ಬಟ್ಟೆ ಒಣಹಾಕುವಷ್ಟು ಬಾಲ್ಕನಿ. ಅಡುಗೆಕೋಣೆಯಲ್ಲಿ ಅಡುಗೆ ನಡೆಯುವುದು ಜಾಮ್ ಕುದಿಸುವ ದಿನ ಮಾತ್ರ. ಉಳಿದ ದಿನ ಕಟ್ಟೆಯ ಮೇಲೆ ಖಾಲಿ ಬುಟ್ಟಿಗಳ ಗೋಪುರ, ಸಿಂಕಿನ ಮೇಲೆ ಹಲಗೆ ಹಾಕಿ ರಿಬ್ಬನ್ ಸುರುಳಿಗಳು, ಫ್ರಿಜ್ಜಿನ ತಲೆಯ ಮೇಲೆ ಕತ್ತರಿಸಿದ ಕಾಗದದ ಮೂಟೆ. ಮನೆಯವರ ಊಟ ಬೇಯುವುದು ಬಾಲ್ಕನಿಯಲ್ಲಿ, ಒಂಟಿ ಒಲೆಯ ಮೇಲೆ. "ಊರಿನವರ ಅಡುಗೆಮನೆಗೆಲ್ಲ ಸೌಟು ಕೊಡ್ತಾಳೆ, ನಮ್ಮನೆ ಸೌಟು ಎಲ್ಲಿದೆ ಅಂದ್ರೆ ಹುಡುಕಬೇಕು," ಎನ್ನುತ್ತಾರೆ ಅತ್ತೆ. ಎಪ್ಪತ್ತೆಂಟು ವರ್ಷ, ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಒಂದು ಕೈ ಮೇಲು. ಬುಟ್ಟಿಗೊಂದರಂತೆ ಹಾಕುವ, ಬಿಸಿ ಪಾತ್ರೆ ಹಿಡಿಯುವ ದಪ್ಪ ಕೈಬಟ್ಟೆಗಳನ್ನು ಹೊಲಿಯುವುದು, ರಿಬ್ಬನ್ ಕಟ್ಟುವುದು, ಚೀಟಿ ಮಡಚಿ ಇಡುವುದು ಅವರ ಪಾಲಿನ ಕೆಲಸ.

ಯಜಮಾನರು ಗೋದಾಮೊಂದರ ಕಾವಲುಗಾರ. ಬೆಳಿಗ್ಗೆ ಏಳಕ್ಕೆ ಬಂದು ಬುಟ್ಟಿಗಳ ನಡುವೆ ಉಳಿದ ಜಾಗದಲ್ಲಿ ಮಲಗುತ್ತಾರೆ. ನಿದ್ದೆ ಹೇಗೆ ಬರುತ್ತದೆ ಎಂದು ಕೇಳಿದರೆ, "ನಿದ್ದೆಗೇನೂ ತೊಂದರೆ ಇಲ್ಲ. ಎಚ್ಚರ ಆಗುವಷ್ಟರಲ್ಲಿ ನನ್ನನ್ನೂ ಸುತ್ತಿ ರಿಬ್ಬನ್ ಕಟ್ಟಿ ಕಳಿಸಿರ್ತಾಳೋ ಅನ್ನೋದೊಂದೇ ಭಯ," ಎನ್ನುತ್ತಾರೆ.

ಬುಟ್ಟಿಯಕ್ಕ ಮೊದಲು ಬಿಸ್ಕತ್ತಿನ ಕಾರ್ಖಾನೆಯಲ್ಲಿದ್ದರು. ಹದಿನಾಲ್ಕು ವರ್ಷ ಪ್ಯಾಕಿಂಗ್ ವಿಭಾಗ. ಒಂದು ಸೋಮವಾರ ಹೋದಾಗ ಗೇಟಿಗೆ ಸರಪಳಿ ಬಿದ್ದಿತ್ತು. ಅಲ್ಲಿಂದ ಮನೆಗೆ ತಂದದ್ದು ಕೈಯಲ್ಲಿ ಕೂತ ಕೆಲಸವೊಂದನ್ನೇ. "ಬಿಸ್ಕತ್ತು ಮಾಡೋಕೆ ನಂಗೆ ಇವತ್ತಿಗೂ ಬರಲ್ಲ. ಸುತ್ತೋಕೆ ಬರುತ್ತೆ. ಸುತ್ತೋದನ್ನೇ ಹಿಡ್ಕೊಂಡೆ."

ಸುತ್ತುವುದು ನೋಡುವುದಕ್ಕೆ ಸಲೀಸು. ಬುಟ್ಟಿಯ ತಳಕ್ಕೆ ಮುದ್ದೆ ಮಾಡಿದ ಕಾಗದ, ಮೇಲೆ ಕಾಗದದ ಎಳೆ. ಹಿಂದೆ ಎತ್ತರದ್ದು, ಮುಂದೆ ಗಿಡ್ಡನೆಯದು, ಭಾರವಾದದ್ದು ನಡುವೆ. ಹನ್ನೊಂದು ಸಾಮಾನು, ಹನ್ನೊಂದರ ಮುಖವೂ ಕಾಣಬೇಕು. "ಮದುವೆ ಫೋಟೋದಲ್ಲಿ ನಿಲ್ಲಿಸಿದ ಹಾಗೆ. ಯಾರ ತಲೆಗೂ ಯಾರೂ ಅಡ್ಡ ಬರಬಾರದು. ಬಂದ್ರೆ ಮುನಿಸು." ಆಮೇಲೆ ರೋಲಿನಿಂದ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಬುಟ್ಟಿಗೆ ತೊಡಿಸಿ ಅಂಚು ಅಂಟಿಸುತ್ತಾರೆ. ಬಿಸಿ ತಾಗಿದರೆ ಕುಗ್ಗುವ ಹಾಳೆ ಅದು. ಹಿಡಿಕೆಯ ಕೆಳಗೆ, ರಿಬ್ಬನ್ ಮುಚ್ಚುವ ಜಾಗದಲ್ಲಿ, ಹೊಲಿಗೆ ಸೂಜಿಯಿಂದ ಒಂದು ತೂತು. ಒಳಗಿನ ಗಾಳಿ ಅಲ್ಲಿಂದ ಹೊರಡಬೇಕು, ಇಲ್ಲದಿದ್ದರೆ ಹೊದಿಕೆ ಬಲೂನಿನಂತೆ ಉಬ್ಬಿ ಒಡೆಯುತ್ತದೆ. ಕಡೆಗೆ ಬಿಸಿಗಾಳಿ ಊದುವ ಗನ್ನು. ಮೊದಲು ತಳ, ಆಮೇಲೆ ಪಕ್ಕ, ಕೊನೆಗೆ ನೆತ್ತಿ. ಮಗುವಿನ ಒದ್ದೆ ಕೂದಲಿಗೆ ಗಾಳಿ ಹಾಕುವಂತೆ ಕೈ ಆಡುತ್ತಲೇ ಇರಬೇಕು. ಒಂದೇ ಕಡೆ ಎರಡು ಉಸಿರು ನಿಂತರೆ ತೂತು ಬೀಳುತ್ತದೆ.

ಮೊಣಕಾಲೆತ್ತರದ ಮೇಜಿನ ಮೇಲೆ ಬಗ್ಗಿ ಮಾಡುವ ಕೆಲಸ. ಮೇಜು ಎತ್ತರಿಸಿದರೆ ಬುಟ್ಟಿಯ ನೆತ್ತಿ ಕಾಣುವುದಿಲ್ಲ, ಗನ್ನು ಎಟಕುವುದಿಲ್ಲ. ದಿನಕ್ಕೆ ಹದಿನಾಲ್ಕು ಬುಟ್ಟಿ, ಏಳು ಗಂಟೆ ಬಗ್ಗಿದ ಬೆನ್ನು. ಎಡಗೈಯ ಮೂರು ಬೆರಳ ತುದಿಯಲ್ಲಿ ಗೆರೆಗಳೇ ಇಲ್ಲ. ಬಿಸಿ ತಿಂದು ನುಣ್ಣಗಾಗಿವೆ. "ಫೋನಿನ ಮೇಲೆ ಬೆರಳಿಟ್ರೆ ನೀನ್ಯಾರು ಅನ್ನುತ್ತೆ. ನನ್ನ ಫೋನೇ ನನ್ನ ಗುರುತು ಹಿಡಿಯಲ್ಲ. ಇನ್ನು ಬೇರೆಯವರು ಹಿಡೀತಾರಾ?" ನಗುತ್ತಲೇ ಹೇಳುತ್ತಾರೆ, ನಗು ಅರ್ಧಕ್ಕೇ ದಣಿದು ನಿಲ್ಲುತ್ತದೆ.

ಇವರ ಬಗ್ಗೆ ಬರೆಯಲು ಬಂದು ಮೂಲೆಯಲ್ಲಿ ಕೂತಿರುವ ನಾನು ಈ ಬೆಳಗಿಗೆ ಮರಳುತ್ತೇನೆ. ಐದೂವರೆಗೆ ಅತ್ತೆ ಎದ್ದು ಬರುತ್ತಾರೆ. ಸೊಸೆ ಮುಖ ಎತ್ತುವುದಿಲ್ಲ.

"ಏನಾಯ್ತೇ?"

"ಏನಿಲ್ಲ ಅತ್ತೆ. ಬಡಗಿ ಹಸಿ ಮರದ ಸೌಟು ಕೊಟ್ಟಿದ್ದಾನೆ. ಬಿಸಿಗೆ ನೀರು ಬಿಟ್ಟಿದೆ. ರಾತ್ರಿ ತಣ್ಣಗಾದ ಮೇಲೆ ಮಂಜು ಕಟ್ಟಿದೆ."

"ಬಡಗಿ ಆರು ವರ್ಷದಿಂದ ಕೊಡ್ತಿದ್ದಾನೆ. ಒಂದು ದಿನ ಹಸೀದು ಕೊಟ್ಟಿಲ್ಲ."

"ಈ ಸಲ ಕೊಟ್ಟಿದ್ದಾನೆ."

ಅತ್ತೆ ಹತ್ತಿರ ಬಂದು ಬೆವರಿದ ಬುಟ್ಟಿಯನ್ನು ತಿರುಗಿಸಿ ನೋಡುತ್ತಾರೆ. ಇನ್ನೊಂದನ್ನು ನೋಡುತ್ತಾರೆ. ನಂತರ ಗೋಡೆಗೆ ಒರಗಿ ನೆಲಕ್ಕೆ ಕೂತುಬಿಡುತ್ತಾರೆ.

"ಬಡಗಿಯನ್ನ ಯಾಕೆ ಬೈತೀಯ. ನಾನು ತೊಳೆದೆ."

ಬಡಗಿಯಿಂದ ಸೌಟುಗಳು ಬಂದಾಗ ಮರದ ಪುಡಿ ಅಂಟಿಕೊಂಡಿರುತ್ತದೆ. ಬುಟ್ಟಿಯಕ್ಕ ಒಣಬಟ್ಟೆಯಲ್ಲಿ ಒರೆಸಿ ಒಂದು ತೊಟ್ಟು ಎಣ್ಣೆ ಸವರುತ್ತಾರೆ, ನೀರು ಸೋಕಿಸುವುದಿಲ್ಲ. ಬುಧವಾರ ಅವರು ರೋಲು ತರಲು ಪೇಟೆಗೆ ಹೋಗಿದ್ದಾಗ ಎರಡನೇ ಕಟ್ಟು ಬಂದಿದೆ. ಅತ್ತೆ ಆ ಪುಡಿ ನೋಡಿದ್ದಾರೆ. ಯಾರದೋ ಮನೆಯ ಅಡುಗೆಗೆ ಹೋಗುವ ಸೌಟು, ಹೀಗೆ ಕೊಳಕಾಗಿ ಕಳಿಸುವುದೇ ಎಂದು ಬಕೆಟ್ಟಿನಲ್ಲಿ ಮುಳುಗಿಸಿ, ಒಂದೊಂದನ್ನೂ ಉಜ್ಜಿ ತೊಳೆದು, ಬಾಲ್ಕನಿಯ ನೆರಳಲ್ಲಿ ಸಂಜೆವರೆಗೆ ಒಣಗಿಸಿ, ಕಟ್ಟು ಕಟ್ಟಿ ಮತ್ತೆ ಮೊದಲಿನ ಜಾಗದಲ್ಲಿ ಇಟ್ಟಿದ್ದಾರೆ. ಹೇಳಿಕೊಳ್ಳುವಂಥ ಕೆಲಸ ಎಂದು ಅವರಿಗೆ ಅನಿಸಿಲ್ಲ. ಮೇಲೆ ಮುಟ್ಟಿದರೆ ಒಣಗಿತ್ತು. ಮರದ ಹೊಟ್ಟೆಯಲ್ಲಿ ನೀರಿತ್ತು.

ಪ್ರತಿ ಬುಟ್ಟಿಯಲ್ಲೂ ಒಂದು ಚೀಟಿ ಇರುತ್ತದೆ. ಸಾಮಾನುಗಳನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂದು ಬುಟ್ಟಿಯಕ್ಕ ಕೈಯಾರೆ ಬರೆಯುತ್ತಾರೆ. ಅದರ ಎರಡನೇ ಸಾಲು ಹೀಗಿದೆ: "ಮರದ ಸೌಟನ್ನು ನೀರಲ್ಲಿ ನೆನೆಹಾಕಬೇಡಿ. ತೊಳೆದರೆ ಎರಡು ದಿನ ಬಿಸಿಲಲ್ಲಿ ಒಣಗಿಸಿ." ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಜಾಮಿನ ಬಾಟಲಿಗೆ ಒರಗಿಸಿ ಇಟ್ಟವರು ಅತ್ತೆಯೇ. ಎಂಬತ್ತು ಸಲ. ಅತ್ತೆಗೆ ಓದು ಬರುವುದಿಲ್ಲ.

ಬುಟ್ಟಿಯಕ್ಕ ಅತ್ತೆಯ ಪಕ್ಕದಲ್ಲೇ ಕೂರುತ್ತಾರೆ. "ಗುರುತಿಲ್ಲದವರಿಗೆಲ್ಲ ಎಂಬತ್ತು ಸಲ ಬರೆದೆ. ಮನೇಲಿ ಒಂದು ಸಲ ಬಾಯಿಬಿಟ್ಟು ಹೇಳಲಿಲ್ಲ. ತಪ್ಪು ನಂದು."

"ನಿಂದೂ ಹೌದು, ನಂದೂ ಹೌದು. ಹಂಚಿಕೊಂಡು ಅಳೋಕೆ ಹೊತ್ತಿಲ್ಲ ಈಗ. ವ್ಯಾನು ಎಷ್ಟಕ್ಕೆ?"

"ಹತ್ತಕ್ಕೆ."

"ಹಾಗೇ ಕಳಿಸಿದ್ರೆ?"

ಹಾಗೇ ಕಳಿಸಬಹುದು. ಬಿಸಿಲೇರಿದರೆ ಮಂಜು ಕರಗಿ ಕಾಣದಂತಾಗುತ್ತದೆ. ಅಂಗಡಿಯವರು ಎಣಿಸಿದರೆ ಎಂಬತ್ತು ಇರುತ್ತವೆ. ಶೆಲ್ಫು ಉಳಿಯುತ್ತದೆ. ಮೂರು ನಾಲ್ಕು ದಿನಕ್ಕೆ ಸೌಟಿನ ಮೇಲೆ ಬೂಷ್ಟು ಬರುತ್ತದೆ. ಅಷ್ಟರಲ್ಲಿ ಅರ್ಧದಷ್ಟು ಬುಟ್ಟಿಗಳು ಯಾರ್‍ಯಾರದೋ ಮನೆ ಸೇರಿರುತ್ತವೆ. ಉಡುಗೊರೆ ಪಡೆದವರು ಕೊಟ್ಟವರಿಗೆ ಹೇಳಲಾರರು. ಕೊಟ್ಟವರಿಗೆ ಗೊತ್ತಾಗುವುದೇ ಇಲ್ಲ.

"ಯಾರ್‍ದೋ ಹೊಸ ಮನೆ," ಎನ್ನುತ್ತಾರೆ ಬುಟ್ಟಿಯಕ್ಕ. "ಮೊದಲನೇ ಸಲ ಬಿಚ್ಚಿದಾಗ ಆ ವಾಸನೆ ಬರಬೇಕಾ?" ಎದ್ದು ಕತ್ತರಿ ತೆಗೆದುಕೊಳ್ಳುತ್ತಾರೆ.

ಆದರೆ ಯಾವುದನ್ನು ಬಿಚ್ಚುವುದು? ಕಿಟಕಿಯ ತಣ್ಣನೆ ಗಾಳಿಗೆ ಸಿಕ್ಕಿದ ಹನ್ನೊಂದು ಮಾತ್ರ ಬೆವರಿವೆ. ಉಳಿದವು ಒಂದೇ ಥರ ಕಾಣುತ್ತವೆ, ಎರಡು ಕಟ್ಟಿನ ಸೌಟುಗಳೂ ಬೆರೆತುಹೋಗಿವೆ. ಎಂಬತ್ತನ್ನೂ ಬಿಚ್ಚಿದರೆ ಮತ್ತೆ ಸುತ್ತಲು ರೋಲಿನಲ್ಲಿ ಹಾಳೆಯಿಲ್ಲ. ಉತ್ತರ ಅತ್ತೆಯ ಕಡೆಯಿಂದ ಬರುತ್ತದೆ.

"ಕೈಬಟ್ಟೆ ನೋಡು. ಮಂಗಳವಾರ ಕೆಂಪು ಬಟ್ಟೆ ಮುಗೀತು. ಬುಧವಾರ ನೀಲಿ ಚೌಕಳಿ ಶುರು ಮಾಡಿದೆ. ಸೌಟು ತೊಳೆದದ್ದೂ ಬುಧವಾರಾನೇ. ಅವತ್ತಿಂದ ನೀನು ಜೋಡಿಸಿದ್ದಕ್ಕೆಲ್ಲ ನೀಲಿನೇ ಕೊಟ್ಟಿದ್ದೀನಿ."

ಬೆವರಿದ ಹನ್ನೊಂದನ್ನು ನೋಡುತ್ತಾರೆ. ಹನ್ನೊಂದರಲ್ಲೂ ನೀಲಿ ಚೌಕಳಿ. ಮನೆಯೆಲ್ಲ ಹುಡುಕಿ ಎಣಿಸಿದರೆ ನೀಲಿಯವು ಮೂವತ್ತಾರು. ರೋಲಿನಲ್ಲಿ ಉಳಿದಿರುವ ಹಾಳೆ ಇಪ್ಪತ್ತಕ್ಕೆ ಸಾಕು. ರೋಲು ಸಿಗುವ ಅಂಗಡಿ ತೆರೆಯುವುದು ಹನ್ನೊಂದಕ್ಕೆ.

"ಕೂತು ಬರೀತಾ ಇದ್ದೀರಲ್ಲ, ಆ ಇನ್ನೊಂದು ಕತ್ತರಿ ಹಿಡೀರಿ," ಎಂದು ಅತ್ತೆ ನನ್ನ ಕಡೆ ತಿರುಗುತ್ತಾರೆ. ಕಾಗದ ಕೆಳಗಿಡುತ್ತೇನೆ.

ಬಿಗಿದ ಹೊದಿಕೆಯನ್ನು ಕತ್ತರಿಸಿದರೆ ಒಂದು ಸಣ್ಣ ಸದ್ದು ಬರುತ್ತದೆ, ಉಸಿರು ಬಿಟ್ಟಂತೆ. ಮೂವತ್ತೈದು ಸಲ ಆ ಸದ್ದು. ಮೊದಲು ಕಂಡ ಒಂದನ್ನು ಮಾತ್ರ ಬುಟ್ಟಿಯಕ್ಕ ಬಿಚ್ಚಲು ಬಿಡುವುದಿಲ್ಲ; ಕಪಾಟಿನ ಮೇಲೆ ಎತ್ತಿಡುತ್ತಾರೆ. "ಇದೊಂದು ಇರಲಿ. ಏನಾಗುತ್ತೆ ನೋಡೋಣ."

ಸೌಟನ್ನು ಹೊರಗೆ ತೆಗೆದರೆ ಇನ್ನೊಂದು ಕಷ್ಟ. ಡೇರೆಗೆ ಕಂಬ ಇದ್ದಂತೆ ಹೊದಿಕೆಗೆ ಸೌಟು. ಅದಿಲ್ಲದೆ ಸುತ್ತಿದ ಮೊದಲ ಬುಟ್ಟಿಯ ನೆತ್ತಿ ಕುಸಿದು ಜಾಮಿನ ಬಾಟಲಿಗೆ ಅಂಟಿಕೊಳ್ಳುತ್ತದೆ. ಇಪ್ಪತ್ತರಲ್ಲಿ ಒಂದು ಹಾಳೆ ಕೆಟ್ಟಿತು ಎಂದುಕೊಳ್ಳುತ್ತೇನೆ. ಬುಟ್ಟಿಯಕ್ಕ ಬಿಸಿ ಇರುವಾಗಲೇ ನೆತ್ತಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆಳೆದು, ಮತ್ತೆ ಗನ್ನು ತೋರಿಸಿ, ಹೇಗೋ ಉಳಿಸಿಕೊಳ್ಳುತ್ತಾರೆ. ನುಣ್ಣಗಾದ ಆ ಬೆರಳುಗಳ ಕಥೆ ಆಗ ಅರ್ಥವಾಗುತ್ತದೆ. ಎರಡನೇ ಬುಟ್ಟಿಯಿಂದ ಟವೆಲನ್ನು ಬಿಗಿಯಾಗಿ ಸುತ್ತಿ ನಡುವೆ ನಿಲ್ಲಿಸುತ್ತಾರೆ. ಅದು ಕಂಬವಾಗುತ್ತದೆ. ತೆಗೆದ ಸೌಟನ್ನು ಅತ್ತೆ ನೀಲಿ ಬಟ್ಟೆಯ ಪಟ್ಟಿಯಿಂದ ಹಿಡಿಕೆಗೆ, ಹೊದಿಕೆಯ ಹೊರಗೆ, ಕಟ್ಟುತ್ತಾರೆ. ಗಾಳಿಗೆ ಅದರ ಪಾಡಿಗೆ ಅದು ಒಣಗಲಿ ಎಂದು.

ಏಳಕ್ಕೆ ಯಜಮಾನರು ಬರುತ್ತಾರೆ. ಬಾಗಿಲಲ್ಲೇ ನಿಂತು, ನೆಲದ ತುಂಬ ಬಿದ್ದ ಪ್ಲಾಸ್ಟಿಕ್ ಸಿಪ್ಪೆಯನ್ನೂ ಮೂವರ ಮುಖವನ್ನೂ ನೋಡುತ್ತಾರೆ. ಯಾಕೆ ಎಂದು ಕೇಳುವುದಿಲ್ಲ. "ಎಷ್ಟು ಇಳಿಸಬೇಕು?" ಎನ್ನುತ್ತಾರೆ.

"ಅರವತ್ತನಾಲ್ಕು ರೀ. ಕೆಂಪು ನಲವತ್ನಾಲ್ಕು, ನೀಲಿ ಇಪ್ಪತ್ತು."

ನಲವತ್ತಾರು ಮೆಟ್ಟಿಲು. ಒಮ್ಮೆಗೆ ನಾಲ್ಕು ಬುಟ್ಟಿ. ಇಡೀ ರಾತ್ರಿ ನಿಂತ ಕಾಲುಗಳು ಹದಿನಾರು ಸಲ ಇಳಿದು ಹತ್ತುತ್ತವೆ. ಕೊನೆಯ ಬುಟ್ಟಿಗೆ ರಿಬ್ಬನ್ ಕಟ್ಟುವಾಗ ಗಂಟೆ ಒಂಬತ್ತು ಐವತ್ತು. ಯಾರೂ ಚಹಾ ಕುಡಿದಿಲ್ಲ ಎಂಬುದು ಆಗ ನೆನಪಾಗುತ್ತದೆ.

ಅಂಗಡಿಗೆ ಬುಟ್ಟಿಯಕ್ಕ ವ್ಯಾನಿನಲ್ಲೇ ಹೋಗುತ್ತಾರೆ, ಜೊತೆಗೆ ನಾನು. ಅಂಗಡಿಯವರು ಕೆಟ್ಟವರಲ್ಲ. ಕನ್ನಡಕ ಹಣೆಗೇರಿಸಿ ಎಣಿಸುತ್ತಾರೆ, ಮತ್ತೊಮ್ಮೆ ಎಣಿಸುತ್ತಾರೆ. ಹೊರಗೆ ಕಟ್ಟಿದ ಸೌಟೊಂದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ.

"ಇದೇನಕ್ಕ, ಹೊಸ ಫ್ಯಾಷನ್ನಾ?"

ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. "ಅಲ್ಲ ಸಾರ್. ಸೌಟು ಹಸಿಯಾಗಿದೆ. ಒಳಗಿಟ್ರೆ ಬೂಷ್ಟು ಬರುತ್ತೆ. ಹದಿನಾರು ಕಮ್ಮಿ ಇದೆ. ಬಿಚ್ಚಿದ್ದೀನಿ, ಹಾಳೆ ಸಾಲಲಿಲ್ಲ. ನಾಳಿದ್ದು ತರ್ತೀನಿ."

ಅಂಗಡಿಯವರು ಕನ್ನಡಕ ಇಳಿಸಿ, ಬಾಗಿಲ ಬಳಿಯ ಶೆಲ್ಫನ್ನು ನೋಡುತ್ತಾರೆ. ಅದರಲ್ಲಿ ನಾಲ್ಕು ಹಲಗೆ. "ಹೇಳದೇ ಇದ್ದಿದ್ರೆ ನಂಗೆ ಗೊತ್ತೂ ಆಗ್ತಿರಲಿಲ್ಲ ನೋಡಿ," ಎನ್ನುತ್ತಾರೆ. ಮೆಚ್ಚಿ ಹೇಳಿದರೋ ಬೇಸರದಿಂದ ಹೇಳಿದರೋ ತಿಳಿಯುವುದಿಲ್ಲ. "ಆದ್ರೆ ಅಕ್ಕ, ಪೆಟ್ಟಿಗೆಯವರು ಎಷ್ಟು ಕೇಳಿದ್ರೆ ಅಷ್ಟು ಕೊಡ್ತಾರೆ. ನಾನೂ ವ್ಯಾಪಾರ ನೋಡಬೇಕಲ್ಲ. ಮೇಲಿನ ಎರಡು ಹಲಗೆ ಅವರಿಗಿರಲಿ. ಕೆಳಗಿನ ಎರಡು ನಿಮ್ಮದು. ಸರಿನಾ?"

ಕೆಳಗಿನ ಹಲಗೆ ಎಂದರೆ ಮೊಣಕಾಲಿನ ಕೆಳಗೆ. ಕಣ್ಣಿಗೆ ಬೀಳುವುದು ಕಷ್ಟ, ಎತ್ತಿಕೊಳ್ಳುವುದು ಇನ್ನೂ ಕಷ್ಟ.

"ಸರಿ ಸಾರ್," ಎನ್ನುತ್ತಾರೆ ಬುಟ್ಟಿಯಕ್ಕ. ಬಗ್ಗಿ, ಒಂದೊಂದೇ ಬುಟ್ಟಿಯನ್ನು ಮುಖ ಮುಂದೆ ಮಾಡಿ ಇಡತೊಡಗುತ್ತಾರೆ.

ನಾಲ್ಕನೇ ದಿನ ಮತ್ತೆ ಆ ನಲವತ್ತಾರು ಮೆಟ್ಟಿಲು ಹತ್ತುತ್ತೇನೆ. ಉಳಿದ ಬುಟ್ಟಿಗಳು ಸೌಟು ಒಣಗಿಸಿಕೊಂಡು ಹಿಂದಿನ ದಿನವೇ ಹೋಗಿವೆ. ಕಪಾಟಿನ ಮೇಲಿಟ್ಟ ಒಂದೇ ಒಂದು ಬುಟ್ಟಿ ಕೆಳಗಿಳಿದು ಮೇಜಿನ ಮೇಲಿದೆ, ಹೊದಿಕೆ ಬಿಗಿಯಾಗಿಯೇ ಇದೆ. ಸೌಟಿನ ತಲೆಯ ಸುತ್ತ ಬೂದುಬಣ್ಣದ ನಯವಾದ ತುಪ್ಪಳ, ಅದರ ನಡುವೆ ಕಪ್ಪು ಚುಕ್ಕಿಗಳು. ನೀಲಿ ಚೌಕಳಿಯ ಅಂಚಿಗೂ ಹಬ್ಬಿದೆ.

"ತಗೊಂಡುಹೋಗಿ ಅಂಗಡಿಯವರಿಗೆ ತೋರಿಸು ಅಂತಿದ್ದೀನಿ," ಎನ್ನುತ್ತಾರೆ ಯಜಮಾನರು, ಹಾಸಿಗೆಯಿಂದಲೇ. "ನೀನು ಮಾಡಿದ್ದು ಸರಿ ಅಂತ ಗೊತ್ತಾಗಲಿ."

"ಬೇಡ. ತೋರಿಸಿದ್ರೆ ನನ್ನ ಬುಟ್ಟೀಲಿ ಬೂಷ್ಟು ಬಂದದ್ದೊಂದೇ ನೆನಪಿರುತ್ತೆ ಅವರಿಗೆ."

ಅತ್ತೆ ಕೈಬಟ್ಟೆ ಹೊಲಿಯುತ್ತಿದ್ದಾರೆ, ಈ ವಾರ ಹಳದಿ. ಪಕ್ಕದಲ್ಲಿ ಬಡಗಿಯ ಹೊಸ ಕಟ್ಟು ಬಿಚ್ಚದೆ ಬಿದ್ದಿದೆ. ನಾನು ಅದರತ್ತ ನೋಡಿದ್ದನ್ನು ಅವರು ನೋಡುತ್ತಾರೆ. "ಮುಟ್ಟಿಲ್ಲ ಮಾರಾಯ್ತಿ. ಪುಡಿ ಇದ್ರೆ ಇರಲಿ," ಎನ್ನುತ್ತಾರೆ. ಆಮೇಲೆ ಚೀಟಿಯೊಂದನ್ನು ನನ್ನ ಮುಂದೆ ಹಿಡಿದು, ಎರಡನೇ ಸಾಲಿನ ಮೇಲೆ ಬೆರಳಿಡುತ್ತಾರೆ. "ಇದೇ ತಾನೆ ಆ ಸಾಲು? ಇವಳು ತೋರಿಸಿಕೊಟ್ಟಳು. ಸೌಟು ಅಂತ ಬರೆದಿರೋದು ಇಲ್ಲಿ." ಬೆರಳು ಸರಿಯಾದ ಜಾಗದಲ್ಲೇ ಇದೆ.

ಬುಟ್ಟಿಯಕ್ಕ ಮೇಜಿನ ಮುಂದೆ ಬಗ್ಗಿದ್ದಾರೆ. ಇವತ್ತಿನ ಒಂಬತ್ತನೇ ಬುಟ್ಟಿ. ಸೂಜಿಯಿಂದ ತೂತು ಮಾಡಿ, ಗನ್ನು ಎತ್ತಿಕೊಂಡು, ತಳದಿಂದ ಶುರುಮಾಡುತ್ತಾರೆ. ಕೆಳಗಿನ ಹಲಗೆಗೆ ಹೋದದ್ದು ಬೇಸರವೇ ಎಂದು ಕೇಳುತ್ತೇನೆ. ಕೈ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಹಾಳೆ ತೂತಾಗುತ್ತದೆ. ನೆತ್ತಿಯವರೆಗೆ ಮುಗಿಸಿ, ಗನ್ನು ಆರಿಸಿ, ಸೊಂಟಕ್ಕೆ ಕೈ ಕೊಟ್ಟು ನಿಧಾನವಾಗಿ ನೆಟ್ಟಗಾದ ಮೇಲೆ ಉತ್ತರ ಬರುತ್ತದೆ.

"ಬಿಚ್ಚಿದೋರು ಮೂಗು ಮುಚ್ಚಿಕೊಳ್ಳಬಾರದು, ಅಷ್ಟೇ ನಂಗೆ. ಹಲಗೆ ಕೆಳಗಿದ್ರೆ ಇರಲಿ. ನಾನು ದಿನಾ ಬಗ್ಗಿಕೊಂಡೇ ಕಟ್ಟಿದ್ದು. ಬೇಕಾದೋರು ಒಂದು ಸಲ ಬಗ್ಗಲಿ."